ಆ ಸಾಲು ಕೊಟ್ಟವರು

ಪ್ರೀತಿಯ ಮಗಳೇ,

ನಿನ್ನ ಕಾಗದ, ಅದರ ಜೊತೆ ಒಂಬತ್ತು ಕಥೆಗಳ ಹಸ್ತಪ್ರತಿ, ಎರಡೂ ಕೈಸೇರಿ ಹದಿನೈದು ದಿನ ಆಯಿತು. ಕಥೆಗಳನ್ನು ಎರಡು ಸಲ ಓದಿದೆ. ಕಾಗದವನ್ನು ಅದಕ್ಕಿಂತ ಜಾಸ್ತಿ ಸಲ ಓದಿದೆ. ಅದರ ಕೊನೆಯಲ್ಲಿ "ಇನ್ನು ಬರೆಯುವುದಿಲ್ಲ ಸರ್, ನನಗೆ ಆ ಯೋಗ್ಯತೆ ಇಲ್ಲ" ಅಂತ ಬರೆದಿದ್ದೀಯಲ್ಲ, ಅದನ್ನು ನೋಡಿ ಸಿಟ್ಟೂ ಬಂತು, ಸಂಕಟವೂ ಆಯಿತು. ಸಿಟ್ಟು ಮೊದಲು ಇಳಿಯಲಿ ಅಂತ ಇಷ್ಟು ದಿನ ಉತ್ತರ ಬರೆಯಲಿಲ್ಲ.

ಯಾವ ಪ್ರಕಾಶಕರಿಗೆ ಕಳಿಸಬೇಕು, ಮುನ್ನುಡಿ ಯಾರಿಂದ ಬರೆಸಬೇಕು, ಒಂಬತ್ತು ಕಥೆ ಸಾಕಾ ಹನ್ನೆರಡು ಬೇಕಾ ಅಂತ ಕೇಳಿದ್ದೀಯ. ಇದನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಅವರನ್ನೇ ಕೇಳು. ಕಾಗುಣಿತ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ನೋಡಿಕೋ. ನಾನು ಮಾತಾಡಬೇಕಿರುವುದು ಒಂದೇ ವಿಷಯ. ನಿನ್ನ ನಿದ್ದೆ ಕೆಡಿಸಿದ್ದು ಯಾವುದೋ, ಅದೇ.

ನಿನ್ನ ಮೂರನೇ ಕಥೆ ವಾರಪತ್ರಿಕೆಯಲ್ಲಿ ಬಂತು. ಎಲ್ಲರೂ ಮೆಚ್ಚಿದರು. ಮೆಚ್ಚಿದವರೆಲ್ಲ ಎತ್ತಿ ಹೇಳಿದ್ದು ಕೊನೆಯ ಸಾಲನ್ನು: "ಹಸು ಒದ್ದರೂ ಹಾಲು ಬಿಳೀನೇ." ಆ ಸಾಲು ನಿನ್ನದಲ್ಲ. ನಿಮ್ಮ ಮನೆಗೆ ಹಾಲು ಕೊಡುವ ಅಜ್ಜಿಯದು. ಅವರ ಸೊಸೆ ಪತ್ರಿಕೆ ನೋಡಿ ನಿಮ್ಮ ಗೇಟಿನ ಹತ್ತಿರ ನಿಂತು, "ನಮ್ಮತ್ತೆ ಮಾತು ಮಾರ್ಕೊಂಡ್ರಾ?" ಅಂತ ಕೇಳಿದರು. ಅವತ್ತಿನಿಂದ ನಿಮ್ಮ ಮನೆಗೆ ಹಾಲು ಬರುತ್ತಿಲ್ಲ. ನೀನು ಪೆನ್ನು ಮುಟ್ಟುತ್ತಿಲ್ಲ. "ಮಾತಿಗೆ ಯಾರಾದರೂ ಯಜಮಾನರು ಇರುತ್ತಾರಾ ಸರ್? ಕಾನೂನು ಏನು ಹೇಳುತ್ತದೆ?" ಅಂತ ನನ್ನನ್ನು ಕೇಳಿದ್ದೀಯ.

ಕಾನೂನನ್ನು ಬದಿಗಿಡು ಮಾರಾಯ್ತಿ. ಹಾಲು ಕೊಡುವ ಅಜ್ಜಿ ಕೋರ್ಟಿಗೆ ಹೋಗುತ್ತಾರಾ? ನೀನು ಕೇಳಬೇಕಾದ ಪ್ರಶ್ನೆಯೇ ಬೇರೆ. ಅಲ್ಲಿಗೆ ಬರುವ ಮೊದಲು ನಿನಗೊಂದು ಹಾಡಿನ ಕಥೆ ಹೇಳಬೇಕು. ಅದಕ್ಕೆ ಕಾರಣ ನೀನೇ. ನಿನ್ನ ಐದನೇ ಕಥೆಯಲ್ಲಿ ಕರೆಂಟು ಹೋದ ರಾತ್ರಿ ಹಾಸ್ಟೆಲ್ ಹುಡುಗಿಯರು ಬಕೆಟ್ ತಿರುಗಿಸಿ ಹಾಕಿಕೊಂಡು ಬಾರಿಸುತ್ತಾ "ಒಬ್-ಲಾ-ಡಿ, ಒಬ್-ಲಾ-ಡಾ" ಅಂತ ಹಾಡುತ್ತಾರೆ. ಓದುತ್ತಾ ನನ್ನ ಕಾಲೂ ತಾಳ ಹಾಕಿತು. ಆದರೆ ಕೆಳಗೆ ನೀನೊಂದು ಸಾಲು ಸೇರಿಸಿದ್ದೀಯ: "ಅರ್ಥವಿಲ್ಲದ ಶಬ್ದಗಳು. ಯಾರದ್ದೂ ಅಲ್ಲ, ಅದಕ್ಕೇ ಎಲ್ಲರದ್ದೂ." ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಇಡೀ ಹಸ್ತಪ್ರತಿಯಲ್ಲಿ ಎಳೆದ ಕೆಂಪು ಗೆರೆ ಅದೊಂದೇ. ಆ ಶಬ್ದಗಳಿಗೆ ಒಬ್ಬ ಮನುಷ್ಯ ಇದ್ದ. ಅವನ ಹೆಸರು ಜಿಮ್ಮಿ ಸ್ಕಾಟ್.

ನೈಜೀರಿಯಾದಿಂದ ಇಂಗ್ಲೆಂಡಿಗೆ ಬಂದವನು. ಕೈಯಲ್ಲಿ ಬಾರಿಸುವ ಕಾಂಗಾ ಡ್ರಮ್ ಅವನ ವಾದ್ಯ. ಲಂಡನ್ನಿನ ಸೋಹೋ ಬೀದಿಗಳ ಕ್ಲಬ್ಬುಗಳಲ್ಲಿ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ. ಅಲ್ಲಿ ಬ್ಯಾಗ್ ಓ ನೇಲ್ಸ್ ಅಂತ ಒಂದು ಕ್ಲಬ್ ಇತ್ತು. ಇಂಗ್ಲೆಂಡಿನ ಹೆಸರಾಂತ ಹಾಡಿನ ತಂಡ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಅಲ್ಲಿಗೆ ಹೋಗಿ ಬರುತ್ತಿದ್ದರು, ಜಿಮ್ಮಿಯ ಪರಿಚಯ ಅಲ್ಲೇ ಆದದ್ದು. ಜಿಮ್ಮಿಯ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು. ಒಬ್-ಲಾ-ಡಿ, ಒಬ್-ಲಾ-ಡಾ, ಬದುಕು ಸಾಗುತ್ತೆ ಬ್ರಾ. ಬ್ರಾ ಅಂದರೆ ಅಣ್ಣ, ತಮ್ಮ. ನಮ್ಮಲ್ಲಿ ಮಾತಿನ ಕೊನೆಗೆ "ತಮ್ಮಾ" ಅಂತ ಸೇರಿಸುವುದಿಲ್ವಾ, ಹಾಗೆ. ಒಬ್ಬ ಮನುಷ್ಯನ ಬಾಯಲ್ಲಿ ಇಂಥ ಮಾತು ಸುಮ್ನೆ ಕೂರುವುದಿಲ್ಲ. ಊರು ಬಿಟ್ಟು ಬಂದವನು, ರಾತ್ರಿಯೆಲ್ಲ ಬೇರೆಯವರ ಕುಣಿತಕ್ಕೆ ಬಾರಿಸುವವನು. ಅವನ ಬಾಯಲ್ಲಿ "ಬದುಕು ಸಾಗುತ್ತೆ ತಮ್ಮಾ" ಅಂದರೆ ಎಷ್ಟು ತೂಕ ಇರುತ್ತದೆ, ನೀನೇ ಯೋಚನೆ ಮಾಡು.

1968ರ ಫೆಬ್ರವರಿಯಲ್ಲಿ ಬೀಟಲ್ಸ್ ನಮ್ಮ ದೇಶಕ್ಕೆ ಬಂದರು. ಹೃಷಿಕೇಶದಲ್ಲಿ ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ಧ್ಯಾನ ಕಲಿಯಲು ಕೂತರು. ಧ್ಯಾನದ ಜೊತೆಗೆ ರಾಶಿ ರಾಶಿ ಹಾಡು ಕಟ್ಟಿದರು. ಒಂದು ಸಂಜೆ ಕೆಳಗಿನ ಊರಿಗೆ ಬಯಲು ಸಿನಿಮಾ ಬಂತು. ಲಾರಿಯಲ್ಲಿ ಬಂದು, ಪರದೆ ಕಟ್ಟಿ, ರಾತ್ರಿ ಆಟ ತೋರಿಸಿ ಹೋಗುವ ಸಿನಿಮಾ. ಅದನ್ನು ನೋಡಲು ಆಶ್ರಮದವರೆಲ್ಲ ಕಾಡಿನ ಧೂಳು ಹಾದಿಯಲ್ಲಿ ಸಾಲಾಗಿ ಇಳಿದರು. ಮೆಕಾರ್ಟ್ನಿ ಕೊರಳಿಗೆ ಗಿಟಾರ್ ಹಾಕಿಕೊಂಡು, ಜಿಮ್ಮಿಯ ಆ ಮಾತನ್ನಿಟ್ಟು ಕಟ್ಟುತ್ತಿದ್ದ ಹಾಡನ್ನು ಹಾಡುತ್ತಾ ನಡೆದರು. ಇನ್ನೂ ಪೂರ್ತಿ ಆಗಿರಲಿಲ್ಲ. ಸಂತೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿರುವ ಡೆಸ್ಮಂಡ್, ಬ್ಯಾಂಡಿನಲ್ಲಿ ಹಾಡುವ ಮೋಲಿ, ಇಷ್ಟು ಬಂದಿತ್ತು. ನಾನು ಟೆಂಟ್ ಸಿನಿಮಾಕ್ಕೆ ಗದ್ದೆ ಬದುವಿನ ಮೇಲೆ ನಡೆದು ಹೋಗಿ ಬೆಳೆದವನು. ಈ ಸಂಗತಿ ಓದಿದಾಗ ಆ ಸಾಲಿನ ಕೊನೆಯಲ್ಲಿ ನಾನೂ ನಡೆಯುತ್ತಿದ್ದೇನೆ ಅನ್ನಿಸಿತು.

ಹಾಡು ಎಷ್ಟು ಹಗುರವಾಗಿದೆಯೋ ಅದನ್ನು ಮಾಡಿ ಮುಗಿಸಿದ ದಿನಗಳು ಅಷ್ಟೇ ಭಾರವಾಗಿದ್ದವು. ಲಂಡನ್ನಿನಲ್ಲಿ 1968ರ ಜುಲೈ 3ರಂದು ರೆಕಾರ್ಡಿಂಗ್ ಶುರುವಾಯಿತು. 4ರಂದು ಮತ್ತೆ, 5ರಂದು ಮತ್ತೆ. 5ರಂದು ಜಿಮ್ಮಿ ಸ್ಕಾಟನನ್ನೇ ಕರೆಸಿದರು. ಮೂವರು ಸ್ಯಾಕ್ಸೋಫೋನಿನವರ ಜೊತೆ ಅವನು ಬಾಂಗೋ ಬಾರಿಸಿದ. ತನ್ನ ಬಾಯಿಂದ ಹೊರಟ ಮಾತಿಗೆ ತನ್ನ ಕೈಯಿಂದಲೇ ತಾಳ ಹಾಕಿದ. ಆದರೆ ಅದು ಮೆಕಾರ್ಟ್ನಿಗೆ ಒಪ್ಪಿಗೆ ಆಗಲಿಲ್ಲ. 8ನೇ ತಾರೀಕು ಎಲ್ಲವನ್ನೂ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದರು. ತಂಡದವರೇ ಆದ ಜಾನ್ ಲೆನನ್‌ಗೆ ಈ ಹಾಡು ಕಂಡರೆ ಆಗುತ್ತಿರಲಿಲ್ಲ. ಅಜ್ಜಿಯರ ಸಂಗೀತ ಅಂತ ಹೀಗಳೆಯುತ್ತಿದ್ದರು. ಅವತ್ತು ತಡವಾಗಿ ಬಂದವರು ನೇರ ಪಿಯಾನೋ ಹತ್ತಿರ ಹೋಗಿ, ಇದ್ದಬದ್ದ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿದಂತೆ ಜೋರಾಗಿ ಗುದ್ದಿ, ಇದು ಹೀಗಿರಬೇಕು ಅಂದರಂತೆ. ನಾವೆಲ್ಲ ಕೇಳುವ ಹಾಡು ಶುರುವಾಗುವುದು ಆ ಗುದ್ದಿನಿಂದಲೇ. ಅಲ್ಲಿ ಧ್ವನಿಮುದ್ರಣ ಮಾಡುತ್ತಿದ್ದ ಇಂಜಿನಿಯರ್ ಜೆಫ್ ಎಮರಿಕ್ ಇದನ್ನೆಲ್ಲ ಆಮೇಲೆ ಹೇಳಿಕೊಂಡಿದ್ದಾರೆ. ಆಗ ಅವರಿಗೆ 22 ವರ್ಷ, ನಿನಗಿಂತ ಚಿಕ್ಕವರು. 15ನೇ ತಾರೀಕು ಹಾಡುವ ಭಾಗ ಮತ್ತೆ ಮಾಡುವಾಗ ಮೆಕಾರ್ಟ್ನಿಗೂ ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೂ ಮಾತಿಗೆ ಮಾತು ಬೆಳೆಯಿತು. ಮಾರನೇ ದಿನ ಎಮರಿಕ್, ಇನ್ನು ನನ್ನ ಕೈಲಿ ಆಗುವುದಿಲ್ಲ ಅಂತ ಕೆಲಸ ಬಿಟ್ಟು ಹೊರಟರು.

ಇನ್ನೊಂದು ಸಣ್ಣ ವಿಷಯ. ಹಾಡಿನ ಕೊನೆಯ ಚರಣದಲ್ಲಿ ಮೆಕಾರ್ಟ್ನಿ ಬಾಯಿ ತಪ್ಪಿ ಹೆಸರು ಅದಲು ಬದಲು ಮಾಡಿದರು. ಮನೆಯಲ್ಲಿ ಕೂತು ಮುಖಕ್ಕೆ ಅಲಂಕಾರ ಮಾಡಿಕೊಳ್ಳಬೇಕಾದವಳು ಮೋಲಿ. ಅವರು ಡೆಸ್ಮಂಡ್ ಅಂದುಬಿಟ್ಟರು. ಉಳಿದವರಿಗೆ ಅದು ಇಷ್ಟವಾಯಿತು, ಹಾಗೇ ಬಿಟ್ಟರು. ನಿನ್ನ ಏಳನೇ ಕಥೆಯನ್ನು ಎಷ್ಟು ಸಲ ತಿದ್ದಿದ್ದೀಯ? ಉಜ್ಜಿ ಉಜ್ಜಿ ಅದರಲ್ಲಿ ಉಸಿರೇ ಉಳಿದಿಲ್ಲ. ಹಳೇ ಪ್ರತಿ ಇದ್ದರೆ ಹುಡುಕಿ ತೆಗೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನವೆಂಬರ್ 22ಕ್ಕೆ ಹಾಡು ಇರುವ ಆಲ್ಬಂ ಬಂತು. ಮಾರನೇ ಜನವರಿಯಲ್ಲಿ ಮಾರ್ಮಲೇಡ್ ಅನ್ನುವ ಸ್ಕಾಟ್ಲೆಂಡಿನ ತಂಡ ಅದನ್ನೇ ಹಾಡಿ, ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿಸಿತು. ಜಿಮ್ಮಿ ಸ್ಕಾಟ್ ತನಗೂ ಒಂದು ಪಾಲು ಬೇಕು ಅಂದ. ಮೆಕಾರ್ಟ್ನಿ ಒಪ್ಪಲಿಲ್ಲ. ಅದು ಸುಮ್ನೆ ಒಂದು ಮಾತು, ಹಾಡು ಬರೆದಿದ್ದರೆ ಪಾಲು ನಿನ್ನದಾಗುತ್ತಿತ್ತು ಅನ್ನುವುದು ಅವರ ಉತ್ತರ. ಹೆಂಡತಿಗೆ ಕೊಡಬೇಕಾದ ಜೀವನಾಂಶದ ಬಾಕಿಗೆ ಜಿಮ್ಮಿ ಬ್ರಿಕ್ಸ್‌ಟನ್ ಜೈಲು ಸೇರಿದ. ಅಲ್ಲಿಂದ ಬೀಟಲ್ಸ್ ಆಫೀಸಿಗೆ, ನನ್ನ ಕೋರ್ಟು ಖರ್ಚು ಕಟ್ಟಿ ಅಂತ ಹೇಳಿ ಕಳಿಸಿದ. ಮೆಕಾರ್ಟ್ನಿ ಕಟ್ಟಿದರು. ಒಂದು ಷರತ್ತಿನ ಮೇಲೆ. ಇನ್ನು ಮುಂದೆ ಆ ಹಾಡಿನ ಮೇಲೆ ಜಿಮ್ಮಿ ಹಕ್ಕು ಹೇಳಬಾರದು.

ಮೆಕಾರ್ಟ್ನಿ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ರಾಗ ಅವರದು. ತಳ್ಳುಗಾಡಿ, ಉಂಗುರ, ಅಂಗಳದಲ್ಲಿ ಓಡಾಡುವ ಮಕ್ಕಳು, ಎಲ್ಲ ಅವರು ಕಟ್ಟಿದ್ದು. ಮಾತು ಯಾರಿಂದ ಬಂತು ಅನ್ನುವುದನ್ನೂ ಅವರು ಮುಚ್ಚಿಡಲಿಲ್ಲ. ಜಿಮ್ಮಿಯ ಹೆಸರು ನಮಗೆ ಗೊತ್ತಿರುವುದು ಬಹುಪಾಲು ಅವರು ಹೇಳಿದ್ದರಿಂದಲೇ. ಆ ಮಟ್ಟಿಗೆ ಅವರು ನನಗಿಂತ ದೊಡ್ಡವರು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಆದರೂ ಒಂದು ಲೆಕ್ಕ ನನ್ನ ಮನಸ್ಸಿಗೆ ಕೂರುವುದಿಲ್ಲ. ಬೀಟಲ್ಸ್ ಪದ್ಧತಿ ಪ್ರಕಾರ ಆ ಹಾಡಿನ ಮೇಲೆ ಲೆನನ್–ಮೆಕಾರ್ಟ್ನಿ ಅಂತ ಎರಡು ಹೆಸರಿವೆ. ಹಾಡನ್ನು ಕಂಡರೆ ಉರಿದು ಬೀಳುತ್ತಿದ್ದವರ ಹೆಸರಿದೆ. ಹಾಡಿಗೆ ಅದರ ಹೆಸರನ್ನೇ ಕೊಟ್ಟವನ ಹೆಸರಿಲ್ಲ. ಆ ಶಬ್ದಗಳನ್ನು ತೆಗೆದುಬಿಡು, ಆಮೇಲೆ ಹಾಡು. ಜನ ಎಲ್ಲಿ ಬಾಯಿ ಸೇರಿಸುತ್ತಾರೆ? ನಿನ್ನ ಹಾಸ್ಟೆಲ್ ಹುಡುಗಿಯರು ಬಕೆಟ್ ಬಾರಿಸಿಕೊಂಡು ಏನು ಹಾಡುತ್ತಾರೆ?

ಜಿಮ್ಮಿ 1986ರಲ್ಲಿ ತೀರಿಕೊಂಡ. ಅವನು ಬಾಂಗೋ ಬಾರಿಸಿದ ಜುಲೈ 5ರ ಆ ಪ್ರತಿ ಪೆಟ್ಟಿಗೆಯಲ್ಲೇ ಇತ್ತು. ಹೊರಗೆ ಬಂದದ್ದು 1996ರಲ್ಲಿ, ಬೀಟಲ್ಸ್‌ನ ಹಳೆಯ ಉಳಿಕೆಗಳ ಸಂಗ್ರಹದ ಮೂರನೇ ಭಾಗದಲ್ಲಿ. ಅದನ್ನು ಹುಡುಕಿ ಕೇಳು. ಗುದ್ದುವ ಪಿಯಾನೋ ಇಲ್ಲ. ನಡಿಗೆ ಸ್ವಲ್ಪ ಮೆತ್ತಗೆ. ಹಿಂದೆ ಕೈಯಿಂದ ಬಾರಿಸುವ ಸದ್ದು ಕೇಳುತ್ತದೆ. ನಾನು ಅದನ್ನು ಕೇಳಿದ ದಿನ ಪೂರ್ತಿ ಕೇಳಲು ಆಗಲಿಲ್ಲ. ಎದ್ದು ಹೊರಗೆ ಹೋದೆ. ನನಗೆ ಬೇರೊಂದು ಸದ್ದು ನೆನಪಾಯಿತು. ಸೀಸದ ಅಚ್ಚುಮೊಳೆಗಳು ಒಂದಕ್ಕೊಂದು ತಾಗುವ ಸದ್ದು.

ಇದನ್ನು ನಾನು ಯಾರಿಗೂ ಬರೆದಿಲ್ಲ. ನಿನಗೆ ಬರೆಯುತ್ತಿದ್ದೇನೆ.

1979. ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ ನಾನು ಪ್ರೂಫ್ ನೋಡುವ ಕೆಲಸದಲ್ಲಿದ್ದೆ. 23 ವರ್ಷ. ಅಲ್ಲಿ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳನ್ನು ಕೇಳದೆ ಇನ್ನೊಂದು ಸಲ ಅವರಿಂದ ಏನನ್ನೂ ತೆಗೆದುಕೊಳ್ಳಲು ನನಗೆ ಹಕ್ಕಿಲ್ಲ. ಕನ್ನಡದ ಮೊಳೆ ಜೋಡಿಸುವುದು ಅಂದರೆ ಸಣ್ಣ ಕೆಲಸ ಅಲ್ಲ. ಅಕ್ಷರಕ್ಕೆ ಒಂದು ಮನೆ, ಗುಣಿತಕ್ಕೆ ಒಂದು ಮನೆ, ಒತ್ತಿಗೆ ಇನ್ನೊಂದು. ಮೊಳೆ ಇಡುವ ಕೇಸಿನ ತುಂಬ ನೂರಾರು ಮನೆ. ಎಡಗೈಯಲ್ಲಿ ಮೊಳೆ ಸಾಲಾಗಿ ಜೋಡಿಸುವ ಸ್ಟಿಕ್ಕು, ಬಲಗೈ ಕೋಳಿ ಕಾಳು ಹೆಕ್ಕಿದ ಹಾಗೆ ಓಡಾಡುತ್ತಿತ್ತು. ಅಕ್ಷರ ಎಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಅವರು ಅದನ್ನೇ ಸಲೀಸಾಗಿ ಓದುತ್ತಿದ್ದರು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿ ಒಟ್ಟಿಗೆ ಕೂರುತ್ತಿದ್ದೆವು. ಮಾಲೀಕರು ಬೈದ ದಿನ, ಸಂಬಳ ತಡವಾದ ದಿನ, ಅವರು ಒಂದು ಮಾತು ಹೇಳುತ್ತಿದ್ದರು: "ಅಂಗಾತ ಬಿದ್ರೆ ಆಕಾಶ ಆದ್ರೂ ಕಾಣ್ತದೆ." ಅದು ಅವರ ತಾಯಿಯ ಮಾತು. ಆ ತಾಯಿ ಗದ್ದೆ ಕೆಲಸಕ್ಕೆ ಹೋಗಿ ಮಕ್ಕಳನ್ನು ಸಾಕಿದವರು. ಒಂದು ಸಲ ಹುಲ್ಲಿನ ಹೊರೆ ಸಮೇತ ಬದುವಿನಿಂದ ಕೆಳಗೆ ಬಿದ್ದರಂತೆ. ಮಕ್ಕಳು ಅಳುತ್ತಾ ಓಡಿ ಬಂದಾಗ ಮಲಗಿದ ಕಡೆಯಿಂದಲೇ ಹೀಗೆ ಅಂದರಂತೆ.

ನಾನು ನನ್ನ ಮೊದಲ ಕಥೆ ಬರೆದೆ. ಕೊನೆಗೆ ಆ ಮಾತನ್ನು ಇಟ್ಟೆ. ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದ ಒಂದು ಮಾಸಿಕದ ದೀಪಾವಳಿ ಸಂಚಿಕೆಗೆ ಕಥೆ ಆಯ್ಕೆಯಾಯಿತು. ಮೊಳೆ ಜೋಡಿಸಲು ಹಸ್ತಪ್ರತಿ ಹೋದದ್ದು ಅಣ್ಣನ ಹತ್ತಿರವೇ.

ನಾನು ಪಕ್ಕದಲ್ಲೇ ನಿಂತಿದ್ದೆ. ಒಂದೊಂದು ಸಾಲಿಗೂ ಅವರು ಹಸ್ತಪ್ರತಿ ಕಡೆ ಕಣ್ಣು ಹಾಯಿಸಿ, ಆಮೇಲೆ ಕೇಸಿಗೆ ಕೈ ಹಾಕುತ್ತಿದ್ದರು. ಕೊನೆಯ ಸಾಲಿಗೆ ಬಂದರು. ಒಂದು ಕ್ಷಣ ಕೈ ನಿಂತಿತು. ಮತ್ತೆ ಓಡತೊಡಗಿತು. ಆ ಸಾಲು ಪೂರ್ತಿ ಆಗುವ ತನಕ ಅವರು ಹಸ್ತಪ್ರತಿ ಕಡೆ ನೋಡಲೇ ಇಲ್ಲ. ನೋಡುವುದು ಬೇಕಾಗಿರಲಿಲ್ಲ. ಮುಗಿಸಿ, ಸಾಲನ್ನು ಹೆಬ್ಬೆರಳಿಂದ ಒಮ್ಮೆ ಒತ್ತಿ ಸರಿ ಮಾಡಿ, "ನಮ್ಮವ್ವನ ಮಾತು ಅಚ್ಚಾಯ್ತಲ್ಲ ಮೇಷ್ಟ್ರೇ" ಅಂದರು. ಮುಖದಲ್ಲಿ ಖುಷಿ ಇತ್ತು. ದೇವರಾಣೆಗೂ ಖುಷಿಯೇ ಇತ್ತು.

ಅಲ್ಲಿಯವರೆಗೆ ನಾನು ತಪ್ಪು ಮಾಡಿರಲಿಲ್ಲ, ಮಗಳೇ. ಇದನ್ನು ಗಮನವಿಟ್ಟು ಓದು. ಮಾತನ್ನು ಎತ್ತಿಕೊಂಡದ್ದು ತಪ್ಪಲ್ಲ. ನಾವೆಲ್ಲ ಎತ್ತಿಕೊಂಡವರೇ. ಅಮ್ಮನ ಬಾಯಿಂದ, ಸಂತೆಯಿಂದ, ಬಸ್ಸಿನ ಹಿಂದಿನ ಸೀಟಿನಿಂದ. ಹಾಗೆ ಎತ್ತಿಕೊಳ್ಳದವನ ಕನ್ನಡಕ್ಕೆ ರುಚಿ ಇರುವುದಿಲ್ಲ. ತಪ್ಪು ಆದದ್ದು ಆಮೇಲೆ.

ಆ ವರ್ಷದ ಒಳ್ಳೆಯ ಕಥೆ ಅಂತ ಅದಕ್ಕೆ 250 ರೂಪಾಯಿ ಬಹುಮಾನ ಕೊಟ್ಟರು. ಒಂದು ಸ್ಕೂಲಿನ ಹಾಲ್‌ನಲ್ಲಿ ಕಾರ್ಯಕ್ರಮ. ಅಧ್ಯಕ್ಷತೆ ವಹಿಸಿದ್ದವರು ಆ ಕೊನೆಯ ಸಾಲನ್ನು ಮೂರು ಸಲ ಓದಿದರು. ಜನ ಚಪ್ಪಾಳೆ ಹೊಡೆದರು. "ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಂಥ ಮಾತು ಹೇಗೆ ಹೊಳೆಯಿತಪ್ಪಾ ನಿನಗೆ?" ಅಂತ ಎಲ್ಲರ ಮುಂದೆ ಕೇಳಿದರು. ನಾನು ತಲೆ ತಗ್ಗಿಸಿಕೊಂಡು, "ಹಾಗೇ ಹೊಳೆಯಿತು ಸರ್" ಅಂದೆ.

ಪ್ರೆಸ್ಸಿನವರೆಲ್ಲ ಬಂದಿದ್ದರು. ಅಣ್ಣ ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು. ಒಗೆದು ಮಡಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಅವರೂ ಚಪ್ಪಾಳೆ ಹೊಡೆದರು.

ಮಾರನೇ ದಿನ ಏನೂ ಆಗದವರ ಹಾಗೆ ಬುತ್ತಿ ಬಿಚ್ಚಿ ಕೂತರು. "ಒಂದು ಪ್ರತಿ ಕೊಡಿ ಮೇಷ್ಟ್ರೇ, ಅವ್ವನಿಗೆ ಓದಿ ಹೇಳ್ತೀನಿ" ಅಂದರು. ಕೊಟ್ಟೆ. ಅದರ ಮೇಲೆ ಒಂದು ಸಾಲು ಬರೆದು ಕೊಡಬಹುದಿತ್ತು. ಬರೆಯಲಿಲ್ಲ. ನಾನೇ ಹೋಗಿ ಓದಿ ಹೇಳಬಹುದಿತ್ತು. ಅವರ ಮನೆ ಪ್ರೆಸ್ಸಿನಿಂದ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಅವತ್ತಿನಿಂದ ಆ ಮಾತನ್ನು ಅವರು ನನ್ನ ಮುಂದೆ ಒಂದು ದಿನವೂ ಆಡಲಿಲ್ಲ. ಮಾಲೀಕರು ಬೈದರೂ ಆಡಲಿಲ್ಲ. ನನಗೆ ಕೊಟ್ಟುಬಿಟ್ಟಿದ್ದರು ಅಂತ ಕಾಣುತ್ತದೆ. ನಲವತ್ತೈದು ವರ್ಷ ಆಯಿತು, ಇದಕ್ಕಿಂತ ಜೋರಾದ ಬೈಗುಳ ನನಗೆ ಯಾರೂ ಬೈದಿಲ್ಲ.

ಸುಮಾರು ಹತ್ತು ವರ್ಷದ ಮೇಲೆ ಪ್ರೆಸ್ಸಿಗೆ ಮೊಳೆ ಬೇಡದ ಆಫ್‌ಸೆಟ್ ಮುದ್ರಣ ಬಂತು. ಮೊಳೆಗಳನ್ನು ಗೋಣಿಚೀಲಕ್ಕೆ ತುಂಬಿ ಸೀಸದ ತೂಕಕ್ಕೆ ಮಾರಿದರು. ಅಣ್ಣನಿಗೆ ಕೆಲಸ ಹೋಯಿತು. ನಾನು ಅಷ್ಟರಲ್ಲಿ ಬೇರೆ ಕೆಲಸ ಹಿಡಿದಿದ್ದೆ, ಎರಡು ಪುಸ್ತಕ ಬಂದಿದ್ದವು. ಒಂದು ಸಂಜೆ ಮನೆಗೆ ಬಂದು ಇನ್ನೂರು ರೂಪಾಯಿ ಸಾಲ ಕೇಳಿದರು. ನಾನು ಐನೂರು ತೆಗೆದುಕೊಟ್ಟೆ. ವಾಪಸ್ ಕೊಡಬೇಡಿ ಅಂದೆ. ಅವರು ಇನ್ನೂರು ಮಾತ್ರ ಎಣಿಸಿಕೊಂಡು ಉಳಿದದ್ದನ್ನು ಮೇಜಿನ ಮೇಲಿಟ್ಟು ಹೋದರು. ಆ ರಾತ್ರಿ ನನಗೆ ಎಷ್ಟೋ ವರ್ಷದ ಮೇಲೆ ಒಳ್ಳೆಯ ನಿದ್ದೆ ಬಂತು. ಲೆಕ್ಕ ಚುಕ್ತಾ ಆಯಿತು ಅಂದುಕೊಂಡೆ. ಮೆಕಾರ್ಟ್ನಿ ಚೆಕ್ಕು ಬರೆದ ದಿನ ಅವರಿಗೂ ಹಾಗೇ ಅನ್ನಿಸಿತ್ತೇನೋ.

ನಾಲ್ಕು ತಿಂಗಳಿಗೆ ಅಣ್ಣ ಮತ್ತೆ ಬಂದರು. ಇನ್ನೂರು ರೂಪಾಯಿ ವಾಪಸ್ ಕೊಟ್ಟರು. ಬೇಡ ಬೇಡ ಅಂದರೂ ಕೇಳಲಿಲ್ಲ. ಕಾಫಿ ಕುಡಿದು ಹೋದರು. ಅದೇ ಕೊನೆ. ಅವರು ತೀರಿಕೊಂಡದ್ದು ನನಗೆ ಗೊತ್ತಾಗುವಾಗ ತಿಥಿಯೂ ಮುಗಿದಿತ್ತು.

ಮೆಕಾರ್ಟ್ನಿ ಹಕ್ಕು ಕೊಡಲಿಲ್ಲ, ಹೆಸರು ಹೇಳಿದರು. ನಾನು ಹೆಸರನ್ನೂ ಹೇಳಲಿಲ್ಲ. ನನಗಿಂತ ದೊಡ್ಡವರು ಅಂದದ್ದು ಅದಕ್ಕೇ.

ನಾನು ಬರೆದದ್ದರಲ್ಲಿ ಜನ ಇವತ್ತಿಗೂ ನೆನಪಿಟ್ಟುಕೊಂಡಿರುವುದು ಆ ಒಂದು ಸಾಲು. ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬಂದು ಕೈ ಹಿಡಿದು, "ಆಕಾಶದ ಸಾಲು ಬರೆದವರು ನೀವೇ ಅಲ್ವಾ ಸರ್" ಅಂತಾರೆ. ಹೌದು ಅಂತ ತಲೆ ಆಡಿಸಿ ಆಡಿಸಿ ನನ್ನ ಕುತ್ತಿಗೆ ಸೋತಿದೆ. ಹೊಗಳಿಕೆಗೂ ಒಂದು ರುಚಿ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬೇರೆಯವರಿಗೆ ಸೇರಬೇಕಾದ ಹೊಗಳಿಕೆಯನ್ನು ತಿಂದರೆ ಅದು ಗಂಟಲಿನಲ್ಲೇ ಕೂರುತ್ತದೆ. ಆ ಮೇಲಿನ ಕಥೆಗಳನ್ನು ನಾನು ಹೆದರಿ ಹೆದರಿ ಬರೆದೆ. ಜನರ ಮಾತು ಕಿವಿಗೆ ಬಿದ್ದರೆ ಕೈ ಹಿಂದೆಗೆಯುತ್ತಿತ್ತು. ನನ್ನ ಭಾಷೆ ಒಣಗಿತು. ವಿಮರ್ಶಕರು ಅದಕ್ಕೆ ಬೇರೆ ಬೇರೆ ಕಾರಣ ಕೊಟ್ಟರು. ಕಾರಣ ಇದೊಂದೇ.

ನಿನಗೆ ಹಾಗಾಗಬಾರದು. ನಿನ್ನ ಕಿವಿ ಚೆನ್ನಾಗಿದೆ. ಎಂಟನೇ ಕಥೆಯಲ್ಲಿ ಕಂಡಕ್ಟರ್ ಚಿಲ್ಲರೆ ಇಲ್ಲದೆ ಟಿಕೆಟ್ ಹಿಂದೆ "2 ರೂ." ಅಂತ ಬರೆದು ಕೊಟ್ಟು, ಇಳಿಯುವಾಗ ಕೇಳಿದರೆ ಆಡುವ ಮಾತು ಇದೆಯಲ್ಲ, ಅದನ್ನು ಓದಿ ನನ್ನ ಹೆಂಡತಿಗೂ ಓದಿ ಹೇಳಿದೆ. ಇಂಥ ಕಿವಿ ಇಟ್ಟುಕೊಂಡು ಬರೆಯುವುದಿಲ್ಲ ಅಂತೀಯಲ್ಲ, ನಿನಗೆ ಬುದ್ಧಿ ಇದೆಯಾ? ಬರೆಯುವುದನ್ನು ಬಿಟ್ಟರೆ ಅಜ್ಜಿಗೆ ಏನು ಸಿಕ್ಕ ಹಾಗಾಯಿತು? ಅವರ ಮಾತೂ ಹೋಯಿತು, ನೀನೂ ಹೋದೆ.

ಆ ಸಾಲನ್ನು ಪುಸ್ತಕದಿಂದ ತೆಗೆದುಬಿಡುತ್ತೇನೆ ಅಂತಲೂ ಬರೆದಿದ್ದೀಯ. ತೆಗೆಯಬೇಡ. ತೆಗೆದರೆ ಎರಡನೇ ಸಲ ಅವಮಾನ ಮಾಡಿದ ಹಾಗೆ. ಸೊಸೆಯ ಕಾಲು ಹಿಡಿಯುವುದೂ ಬೇಡ, ದುಡ್ಡಿನ ಕವರ್ ತೆಗೆದುಕೊಂಡು ಹೋಗುವುದೂ ಬೇಡ. ದುಡ್ಡು ಮೊದಲು ಹೋದರೆ ಬಾಯಿ ಮುಚ್ಚಿಸಲು ಬಂದಳು ಅಂತ ಅನ್ನಿಸುತ್ತದೆ. ಹೌದಲ್ವಾ? ಸಂಜೆ ಹೋಗು. ಹಾಲು ಕರೆಯುವ ಹೊತ್ತಿಗೆ ಹೋಗಬೇಡ, ಕೊಟ್ಟಿಗೆ ಕೆಲಸ ಮುಗಿದು ಅಜ್ಜಿ ಜಗಲಿಗೆ ಬಂದು ಕೂತ ಮೇಲೆ ಹೋಗು. ಪತ್ರಿಕೆ ತೆಗೆದುಕೊಂಡು ಹೋಗು. ಇಡೀ ಕಥೆಯನ್ನು ಮೊದಲಿನಿಂದ ಓದಿ ಹೇಳು. ಕೊನೆಯ ಸಾಲು ಬಂದಾಗ ನೀನು ಓದಬೇಡ. ನಿಲ್ಲಿಸು. ಅವರೇ ಹೇಳಲಿ.

ಆಮೇಲೆ ಕೇಳು. ಪುಸ್ತಕದಲ್ಲಿ ಈ ಮಾತು ನಿಮ್ಮದು ಅಂತ ಹೆಸರು ಹಾಕಲಾ ಅಜ್ಜೀ ಅಂತ ಕೇಳು. ಬೇಡ ಅಂದರೆ ಹಾಕಬೇಡ. ಹಾಕು ಅಂದರೆ ಅವರು ಹೇಗೆ ಹೇಳುತ್ತಾರೋ ಹಾಗೇ ಹಾಕು. ಸೊಸೆಯನ್ನೂ ಕರೆದು ಕೂರಿಸಿಕೋ. ಅವರಿಗೆ ಬಂದ ಸಿಟ್ಟು ನ್ಯಾಯವಾದದ್ದು. ಅತ್ತೆಯ ಮಾತಿಗೆ ಬೆಲೆ ಇದೆ ಅಂತ ನಿನಗಿಂತ ಮೊದಲು ಅವರಿಗೆ ಗೊತ್ತಾಗಿದೆ. ಮುಂದೆ ಯಾರಾದರೂ ಆ ಸಾಲು ಹೇಳಿ ನಿನ್ನನ್ನು ಹೊಗಳಿದರೆ ಆ ಕ್ಷಣದಲ್ಲೇ ಹೇಳಿಬಿಡು. ಆಮೇಲೆ ಹೇಳೋಣ ಅಂತ ಬಿಟ್ಟರೆ ಮುಗಿಯಿತು. ನಾನು ಬಿಟ್ಟೆ.

ಐದನೇ ಕಥೆಯ ಕೆಂಪು ಗೆರೆ ಎಳೆದ ಸಾಲನ್ನು ಬದಲಾಯಿಸು. ಹಾಸ್ಟೆಲ್ ಹುಡುಗಿಯರಿಗೆ ಜಿಮ್ಮಿ ಸ್ಕಾಟ್ ಗೊತ್ತಿರಬೇಕು ಅಂತೇನಿಲ್ಲ. ಬರೆಯುವ ನಿನಗೆ ಗೊತ್ತಿದ್ದರೆ ಸಾಕು, ಸಾಲು ತಾನೇ ಬೇರೆ ಥರ ಬರುತ್ತದೆ.

ನನ್ನ ಮೊದಲ ಸಂಕಲನ ಮತ್ತೆ ಅಚ್ಚಾಗುತ್ತಿದೆ. ನಿನ್ನ ಕಾಗದ ಬಂದ ಮೇಲೆ ಪ್ರಕಾಶಕರಿಗೆ ಫೋನ್ ಮಾಡಿ ಸ್ವಲ್ಪ ದಿನ ನಿಲ್ಲಿಸಿ ಅಂದೆ. ಅಣ್ಣನ ಮಗ ಭದ್ರಾವತಿಯಲ್ಲಿದ್ದಾರೆ ಅಂತ ಹಳೇ ಪ್ರೆಸ್ಸಿನ ಗೆಳೆಯರೊಬ್ಬರಿಂದ ಗೊತ್ತಾಯಿತು. ಬರುವ ಭಾನುವಾರ ಅಲ್ಲಿಗೆ ಹೋಗುತ್ತಿದ್ದೇನೆ. ಆ ದೀಪಾವಳಿ ಸಂಚಿಕೆಯ ಒಂದು ಪ್ರತಿ ನನ್ನ ಹತ್ತಿರ ಉಳಿದಿದೆ. ಹಾಳೆ ಹಳದಿಯಾಗಿದೆ. ಕೊನೆಯ ಸಾಲಿನಲ್ಲಿ ಮೊಳೆ ಸ್ವಲ್ಪ ಜಾಸ್ತಿ ಒತ್ತಿದೆ, ಹಾಳೆಯ ಹಿಂದೆ ಕೈಯಾಡಿಸಿದರೆ ಬೆರಳಿಗೆ ಸಿಗುತ್ತದೆ. ಅದನ್ನು ತೆಗೆದುಕೊಂಡು ಹೋಗುತ್ತೇನೆ.

ಅಜ್ಜಿ ಮನೆಗೆ ಹೋಗಿ ಬಂದ ಮೇಲೆ ಬರೆ. ಅವರು ಏನಂದರು ಅಂತ ಅವರ ಮಾತಿನಲ್ಲೇ ಬರೆ, ತಿದ್ದಬೇಡ. ಹಾಲು ಮತ್ತೆ ಬರಲು ಶುರುವಾಯಿತಾ ಅನ್ನುವುದನ್ನೂ ಬರೆ.

ಇಂತಿ
ನಿನ್ನ ಹಿತೈಷಿ